ಮನೆಯ ಕರೆಂಟು ಸಾಮಾನು: ಗುರುತಿಲ್ಲದ್ದನ್ನು ಕೀಳುವ ಮೊದಲು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳೆಯ ಮನೆಗಳಿಗೆ ವಿದ್ಯುತ್ತು ಒಂದೇ ಸಲ ಬಂದುದಲ್ಲ. ಮೊದಲು ಜಗಲಿಗೊಂದು, ಅಡಿಗೆಮನೆಗೊಂದು ದೀಪ ಬಂತು. ಕೆಲವು ವರ್ಷದ ಮೇಲೆ ಬಾವಿಗೆ ಪಂಪು ಬಂತು. ಆಮೇಲೆ ತೋಟಕ್ಕೆ ಮೋಟಾರು, ಬಚ್ಚಲಿಗೆ ಗೀಸರು, ಮಾಡಿನ ಮೇಲೆ ಟಿ.ವಿ. ಆಂಟೆನಾ, ನಡುಮನೆಗೆ ಇನ್ವರ್ಟರು, ತೋಟದ ಸುತ್ತ ಸೋಲಾರ್ ಬೇಲಿ, ಹೀಗೆ ಒಂದೊಂದಾಗಿ ಸೇರಿಕೊಂಡವು. ಪ್ರತಿ ಸಲವೂ ಗೋಡೆಗೆ ಒಂದು ಹಲಗೆ, ಒಂದು ಡಬ್ಬಿ, ಒಂದಿಷ್ಟು ತಂತಿ ಹೆಚ್ಚಾಯಿತೇ ವಿನಾ ಹಳೆಯದನ್ನು ತೆಗೆದವರು ಕಡಿಮೆ. ಹಾಕಿಸಿದ ಹಿರಿಯರು ಅನೇಕ ಮನೆಗಳಲ್ಲಿ ಈಗ ಇಲ್ಲ. ವಿಷಯ ಬಲ್ಲ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮನೆಯಲ್ಲಿ ಉಳಿದವರನ್ನು "ಈ ಡಬ್ಬಿ ಯಾತರದ್ದು?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಸುಣ್ಣ ಬಳಿಯುವಾಗ, ಗೋಡೆ ಒಡೆಸುವಾಗ, ಹಿಸ್ಸೆಯಾಗಿ ಒಂದು ಮನೆ ಎರಡಾಗುವಾಗ ಈ ಪ್ರಶ್ನೆ ಏಳುತ್ತದೆ. "ಇದರಿಂದ ದೀಪವೂ ಉರಿಯುವುದಿಲ್ಲ, ಫ್ಯಾನೂ ತಿರುಗುವುದಿಲ್ಲ, ಕಿತ್ತು ಹಾಕಿ" ಎನ್ನುವವರೇ ಹೆಚ್ಚು. ಅಪಾಯ ಇರುವುದು ಇಲ್ಲಿಯೇ. ದೀಪ ಉರಿಸುವ ಸಾಧನ ಕೆಟ್ಟರೆ ಕತ್ತಲಾಗುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಜೀವ ಕಾಯುವ ಸಾಧನವನ್ನು ಕಿತ್ತರೆ ಮನೆಯಲ್ಲಿ ಏನೂ ಬದಲಾಗುವುದಿಲ್ಲ. ದೀಪ ಮೊದಲಿನಂತೆಯೇ ಉರಿಯುತ್ತದೆ. ಅದರ ಕೊರತೆ ಗೊತ್ತಾಗುವುದು ಆಷಾಢದ ಮಳೆಯಲ್ಲಿ ಯಾರಾದರೂ ಒದ್ದೆ ಕಾಲಿನಲ್ಲಿ ಮೋಟಾರು ಮುಟ್ಟಿದ ದಿನ. ಆದುದರಿಂದ ಕೆಲಸವಿಲ್ಲದಂತೆ ಕಾಣುವ ಸಾಧನವನ್ನೇ ಮೊದಲು ಗುರುತು ಹಿಡಿಯಬೇಕು.

ಅಕ್ಷರ ಹೇಳುವ ಕಾಲ

ಜೋಗದ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ನೀರು ನಾಡಿಗೆಲ್ಲ ಬೆಳಕು ಕೊಟ್ಟರೂ ಮುಳುಗಡೆಯ ಅಂಚಿನ ಅನೇಕ ಹಿನ್ನೀರ ಹಳ್ಳಿಗಳಿಗೆ ಕಂಬ ಬಂದುದು ಬಹಳ ತಡವಾಗಿ. ಹೀಗಾಗಿ ಅಕ್ಕಪಕ್ಕದ ಊರುಗಳಲ್ಲೇ ಒಂದು ಮನೆಯ ವೈರಿಂಗು ಅರುವತ್ತು ವರ್ಷ ಹಳೆಯದು, ಇನ್ನೊಂದರದು ಹತ್ತು ವರ್ಷದ್ದು ಎಂಬಂತಿರುತ್ತದೆ.

ಸಾಧನದ ವಯಸ್ಸು ತಿಳಿಯಲು ಅದರ ಮೇಲಿನ ಅಕ್ಷರಗಳು ಸಹಾಯ ಮಾಡುತ್ತವೆ. ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ರಚನೆಯಾದುದು 1957ರಲ್ಲಿ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದ ಮೇಲೆ ಅದು ಕೆ.ಇ.ಬಿ. ಆಯಿತು. 1999ರಲ್ಲಿ ಮಂಡಳಿ ಹೋಗಿ ನಿಗಮ ಬಂತು. 2002ರಿಂದ ನಮ್ಮ ಕಡೆಗೆ ವಿದ್ಯುತ್ ಹಂಚುವುದು ಮೆಸ್ಕಾಂ. ಜನರ ಬಾಯಲ್ಲಿ ಇಂದಿಗೂ ಎಲ್ಲವೂ ಕೆ.ಇ.ಬಿ.ಯೇ. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾದ ಅಕ್ಷರ ಕೆ.ಇ.ಬಿ. ಎಂದಿದ್ದರೆ ಅದು 1999ಕ್ಕಿಂತ ಹಿಂದಿನದೆಂದು ತಿಳಿಯಬಹುದು. ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಎಳೆದ ತಂತಿ, ಕಪ್ಪು ಬೇಕಲೈಟಿನ ದುಂಡು ಸ್ವಿಚ್ಚು, ಪಿಂಗಾಣಿಯ ಕಟೌಟು ಇವೆಲ್ಲ ಆ ಕಾಲದವು. ಇಂಥ ತಂತಿಯ ರಬ್ಬರು ಒಣಗಿ ಪುಡಿಯಾಗಿರುತ್ತದೆ. ಮುಟ್ಟದೆ ಇರುವಷ್ಟು ದಿನ ಸರಿಯಾಗಿರುವಂತೆ ಕಾಣುತ್ತದೆ. ಎಳೆದಾಗ ಸಿಪ್ಪೆ ಉದುರಿ ತಾಮ್ರ ಹೊರಗೆ ಬರುತ್ತದೆ.

ಮೊದಲು ಓದಿ, ಆಮೇಲೆ ಜಾಡು ಹಿಡಿಯಿರಿ

ಯಾವ ಡಬ್ಬಿಯೇ ಆಗಲಿ, ಬಿಚ್ಚುವ ಮೊದಲು ಅದರ ಮೈಮೇಲಿನ ಚೀಟಿಯನ್ನು ಓದಬೇಕು. ಧೂಳು ತುಂಬಿದ್ದರೆ ಒಣಬಟ್ಟೆಯಿಂದ ಮೆಲ್ಲಗೆ ಒರೆಸಿ. ಒದ್ದೆ ಬಟ್ಟೆ ಬೇಡ. ಚೀಟಿ ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. 'ವಿ' ಎಂಬ ಅಕ್ಷರದ ಹಿಂದಿನ ಅಂಕಿ ವೋಲ್ಟು. 230 ಇದ್ದರೆ ಮನೆಯ ಕರೆಂಟು. 415 ಇದ್ದರೆ ಮೂರು ಫೇಸಿನದು. 12 ಅಥವಾ 24 ಇದ್ದರೆ ಬ್ಯಾಟರಿಯದು ಇಲ್ಲವೇ ಅಡಾಪ್ಟರಿನದು. 'ಎ' ಎಂದರೆ ಆಂಪಿಯರು, 'ಡಬ್ಲ್ಯು' ಎಂದರೆ ವಾಟು. ಅಂಕಿಯ ಪಕ್ಕ ಅಲೆಯಂಥ ಗೆರೆ ಇದ್ದರೆ ಎ.ಸಿ.; ನೇರ ಗೆರೆ, ಅದರ ಕೆಳಗೆ ತುಂಡು ಗೆರೆಗಳಿದ್ದರೆ ಡಿ.ಸಿ. ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ರಕ್ಷಣೆ ಇದೆ, ಅರ್ತಿಂಗ್ ತಂತಿ ಬೇಕಿಲ್ಲ ಎಂದರ್ಥ. ಆ ಗುರುತಿಲ್ಲದೆ ಲೋಹದ ಮೈ ಇದ್ದರೆ ಅರ್ತಿಂಗ್ ಬೇಕೇ ಬೇಕು.

ವಾಟನ್ನು 230ರಿಂದ ಭಾಗಿಸಿದರೆ ಸಾಧನ ಎಷ್ಟು ಆಂಪಿಯರು ಎಳೆಯುತ್ತದೆ ಎಂಬ ಅಂದಾಜು ಸಿಗುತ್ತದೆ. 2000 ವಾಟಿನ ಗೀಸರು ಎಳೆಯುವುದು ಸುಮಾರು 9 ಆಂಪಿಯರು. ಅದನ್ನು 5 ಆಂಪಿಯರಿನ ಚಿಕ್ಕ ಮೂರು ತೂತಿನ ಸಾಕೆಟ್ಟಿಗೆ ಹಾಕಿದರೆ ಸಾಕೆಟ್ಟು ಕರಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಚೀಟಿಯೇ ಇಲ್ಲದಿದ್ದರೆ ತಂತಿಯ ಜಾಡು ಹಿಡಿಯಬೇಕು. ಕೈಯಿಂದ ಹಿಡಿಯುವುದಲ್ಲ, ಕಣ್ಣಿನಿಂದ. ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಗುರುತು ಸಿಕ್ಕಂತೆಯೇ. ಹಳೆಯ ಪದ್ಧತಿಯಲ್ಲಿ ಕೆಂಪು, ಹಳದಿ, ನೀಲಿ ಈ ಮೂರೂ ಫೇಸು; ಕಪ್ಪು ನ್ಯೂಟ್ರಲ್; ಹಸಿರು ಅರ್ತು. ಈಗಿನ ಉಪಕರಣಗಳ ವೈರಿನಲ್ಲಿ ಕಂದು ಫೇಸು, ತಿಳಿನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ತು. ನೀಲಿ ಬಣ್ಣಕ್ಕೆ ಒಂದು ಕಡೆ ಒಂದರ್ಥ, ಇನ್ನೊಂದು ಕಡೆ ಇನ್ನೊಂದರ್ಥ ಎಂಬುದನ್ನು ಗಮನಿಸಬೇಕು. ಹಳೆಯ ಮನೆಗಳಲ್ಲಿ ಕೈಗೆ ಸಿಕ್ಕ ಬಣ್ಣದ ತಂತಿ ಎಳೆದಿರುವುದೂ ಉಂಟು. ಆದುದರಿಂದ ಬಣ್ಣವನ್ನೇ ನಂಬಿ ತಂತಿ ಮುಟ್ಟುವುದು ಸರ್ವಥಾ ಸಲ್ಲದು.

ಮೀಟರಿನ ಸುತ್ತಮುತ್ತ

ಕಂಬದಿಂದ ಬಂದ ತಂತಿ ಮೊದಲು ಸೇರುವುದು ಮೀಟರಿಗೆ. ಅಲ್ಲಿಯ ತನಕದ್ದು ಮೆಸ್ಕಾಂನ ಹೊಣೆ. ಅಲ್ಲಿಂದ ಮುಂದಿನದು ಮನೆಯವರ ಹೊಣೆ. ಮೊದಲಿನ ಮೀಟರುಗಳಲ್ಲಿ ಅಲ್ಯುಮಿನಿಯಮ್ ತಟ್ಟೆ ತಿರುಗುತ್ತಿತ್ತು. ಈಗಿನವುಗಳಲ್ಲಿ ಕೆಂಪು ದೀಪ ಮಿಣುಕುತ್ತದೆ. ಅದು ಅಪಾಯದ ಸೂಚನೆಯಲ್ಲ; ಬಳಕೆಯ ಎಣಿಕೆ. 3200 ಎಂದು ಬರೆದಿದ್ದರೆ ಅಷ್ಟು ಸಲ ಮಿಣುಕಿದಾಗ ಒಂದು ಯೂನಿಟ್ಟು ಆಯಿತೆಂದು ಲೆಕ್ಕ. ಆದರೆ 'ಇ/ಎಲ್' ಎಂದು ಬರೆದ ಇನ್ನೊಂದು ದೀಪ ಹತ್ತಿ ಉಳಿದಿದ್ದರೆ ಹೋದ ಕರೆಂಟು ಬರಬೇಕಾದ ದಾರಿಯಲ್ಲಿ ಹಿಂತಿರುಗುತ್ತಿಲ್ಲ ಎಂದು ತಿಳಿಯಬೇಕು. ಎಲ್ಲೋ ಸೋರಿಕೆ ಇರಬಹುದು, ಇಲ್ಲವೇ ನ್ಯೂಟ್ರಲ್ ಅದಲುಬದಲಾಗಿರಬಹುದು. ಎಲೆಕ್ಟ್ರಿಷಿಯನ್ನರಿಗೆ ತೋರಿಸಿ. ಮೀಟರಿನ ಸೀಲನ್ನು ಮಾತ್ರ ಯಾರೂ ಮುಟ್ಟಬಾರದು.

ಮೀಟರಿನ ಕೆಳಗೆ ಪಿಂಗಾಣಿಯ ಕಟೌಟುಗಳು ಸಾಲಾಗಿರುತ್ತವೆ. ಒಂದರಲ್ಲಿ ತೆಳು ತಂತಿ ಇದ್ದರೆ ಫ್ಯೂಸು. ಅದೇ ಆಕಾರದ ಇನ್ನೊಂದರಲ್ಲಿ ತಂತಿಯ ಬದಲು ದಪ್ಪ ಹಿತ್ತಾಳೆಯ ಪಟ್ಟಿ ಇದ್ದರೆ ಅದು ನ್ಯೂಟ್ರಲ್ ಲಿಂಕು. "ಇದಕ್ಕೂ ಫ್ಯೂಸ್ ತಂತಿ ಹಾಕಿದರೆ ಎರಡು ಪಟ್ಟು ಭದ್ರ" ಎಂಬ ಭಾವನೆ ತಪ್ಪು. ನ್ಯೂಟ್ರಲ್ಲಿನ ಫ್ಯೂಸು ಸುಟ್ಟರೆ ದೀಪ ಆರುತ್ತದೆ, ಆದರೆ ಫೇಸಿನ ಕರೆಂಟು ಹೋಲ್ಡರಿನ ತನಕ ಬಂದು ನಿಂತೇ ಇರುತ್ತದೆ. ಕರೆಂಟು ಹೋಗಿದೆ ಎಂದು ನಂಬಿ ಕೈ ಹಾಕಿದವರಿಗೆ ಆಪತ್ತು. ಬಹಳ ಹಳೆಯ ಮನೆಗಳಲ್ಲಿ ಎರಡೂ ಕಡೆ ಫ್ಯೂಸು ಇಟ್ಟಿರುವುದುಂಟು. ಅಂಥದನ್ನು ಬದಲಾಯಿಸುವುದೇ ಲೇಸು.

ಮನೆಯ ಕೆಲವು ದೀಪ ಕಣ್ಣು ಕೋರೈಸುವಷ್ಟು ಉರಿದು, ಕೆಲವು ಮಂಕಾದರೆ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ ಎಂದು ತಿಳಿಯಬೇಕು. ಮೂರು ಫೇಸಿನ ಸಂಪರ್ಕವಿರುವಲ್ಲಿ ಇದು ಕಾಣಿಸುತ್ತದೆ. ತಕ್ಷಣ ಮೇನ್ ಆಫ್ ಮಾಡಿ 1912ಕ್ಕೆ ದೂರು ಕೊಡಿ.

ಒಂದೇ ರೂಪ, ಕೆಲಸ ಬೇರೆ

ಈಗಿನ ಬೋರ್ಡುಗಳಲ್ಲಿ ಕಟೌಟಿನ ಬದಲು ಬಿಳಿಯ ಪುಟ್ಟ ಸ್ವಿಚ್ಚುಗಳ ಸಾಲು ಇರುತ್ತದೆ. ಎಲ್ಲವನ್ನೂ ಜನ ಟ್ರಿಪ್ಪರ್ ಎಂದೇ ಕರೆಯುತ್ತಾರೆ. ಇವುಗಳಲ್ಲಿ ಎರಡು ಜಾತಿ. ಒಂದು ಎಂ.ಸಿ.ಬಿ., ಇನ್ನೊಂದು ಆರ್.ಸಿ.ಸಿ.ಬಿ. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಈ ವ್ಯತ್ಯಾಸವೊಂದನ್ನು ನೆನಪಿಡಬೇಕು.

ಎಂ.ಸಿ.ಬಿ.ಯ ಮೇಲೆ 6, 10, 16, 32 ಎಂಬಂಥ ಅಂಕಿ ಇರುತ್ತದೆ. ಅಷ್ಟು ಆಂಪಿಯರಿಗಿಂತ ಹೆಚ್ಚು ಕರೆಂಟು ಹರಿದರೆ, ಇಲ್ಲವೇ ಶಾರ್ಟ್ ಆದರೆ ಅದು ಬೀಳುತ್ತದೆ. ತಂತಿ ಸುಡದಂತೆ, ಮನೆಗೆ ಬೆಂಕಿ ಹತ್ತದಂತೆ ಕಾಯುವುದು ಅದರ ಕೆಲಸ. ಮನುಷ್ಯನನ್ನು ಅದು ಕಾಯುವುದಿಲ್ಲ. ಲೆಕ್ಕ ಹಾಕಿ ನೋಡಿ. 60 ವಾಟಿನ ಬಲ್ಬು ಎಳೆಯುವುದು ಸುಮಾರು ಕಾಲು ಆಂಪಿಯರು. ಅದಕ್ಕಿಂತ ಕಡಿಮೆ ಕರೆಂಟು ಎದೆಯ ಮೂಲಕ ಹರಿದರೂ ಜೀವ ಹೋಗಬಹುದು. 6 ಆಂಪಿಯರಿನ ಎಂ.ಸಿ.ಬಿ.ಗೆ ಅದೊಂದು ಬಲ್ಬಿಗಿಂತಲೂ ಸಣ್ಣ ವಿಷಯ, ಅಲುಗುವುದೇ ಇಲ್ಲ.

ಆರ್.ಸಿ.ಸಿ.ಬಿ. ಬೇರೆ ರೀತಿಯದು. ಬೆಳಿಗ್ಗೆ ಮೇಯಲು ಬಿಟ್ಟ ದನಗಳನ್ನು ಸಂಜೆ ಕೊಟ್ಟಿಗೆಗೆ ಕಟ್ಟುವಾಗ ಎಣಿಸುವುದಿಲ್ಲವೆ? ಹಾಗೆಯೇ ಫೇಸಿನಿಂದ ಹೋದ ಕರೆಂಟೂ ನ್ಯೂಟ್ರಲ್‌ನಿಂದ ಬಂದ ಕರೆಂಟೂ ಸರಿಯಾಗಿವೆಯೆ ಎಂದು ಅದು ಎಡೆಬಿಡದೆ ತಾಳೆ ನೋಡುತ್ತದೆ. ಕಡಿಮೆ ಬಂದರೆ ಉಳಿದದ್ದು ಬೇರೆ ದಾರಿಯಲ್ಲಿ, ಅಂದರೆ ಒದ್ದೆ ಗೋಡೆಯ ಮೂಲಕವೋ ಮನುಷ್ಯನ ಮೈಯ ಮೂಲಕವೋ ಭೂಮಿಗೆ ಇಳಿಯುತ್ತಿದೆ ಎಂದರ್ಥ. ಕೂಡಲೇ ಅದು ಕರೆಂಟು ಕಡಿಯುತ್ತದೆ. ಮನೆಗಳಿಗೆ ಹಾಕಬೇಕಾದುದರ ಮಟ್ಟ 30 ಮಿಲಿ ಆಂಪಿಯರು, ಅಂದರೆ 6 ಆಂಪಿಯರಿನ ಇನ್ನೂರನೆಯ ಒಂದು ಪಾಲು.

ಗುರುತು ಹೀಗೆ: ಆರ್.ಸಿ.ಸಿ.ಬಿ. ಸಾಮಾನ್ಯವಾಗಿ ಎಂ.ಸಿ.ಬಿ.ಗಿಂತ ಅಗಲ. ಮೈಮೇಲೆ 30 ಎಂ.ಎ. ಅಥವಾ 0.03 ಎ ಎಂದು ಬರೆದಿರುತ್ತದೆ. 'ಟಿ' ಎಂಬ ಅಕ್ಷರದ, ಒತ್ತುವ ಸಣ್ಣ ಗುಂಡಿ ಇರುತ್ತದೆ. ಆ ಗುಂಡಿ ಇಲ್ಲದಿದ್ದರೆ ಅದು ಆರ್.ಸಿ.ಸಿ.ಬಿ. ಅಲ್ಲ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ. ಕೂಡಲೇ ಸ್ವಿಚ್ಚು ಬಿದ್ದರೆ ಸರಿಯಾಗಿದೆ. ಬೀಳದಿದ್ದರೆ ಬದಲಾಯಿಸಬೇಕು. ಅಂಕಿ 100 ಅಥವಾ 300 ಎಂ.ಎ. ಇದ್ದರೆ ಅದು ಬೆಂಕಿಯ ಅಪಾಯ ತಗ್ಗಿಸಲು ಹಾಕಿದ್ದು. ಶಾಕಿನಿಂದ ಜೀವ ಉಳಿಸಲು ಅದನ್ನು ನೆಚ್ಚುವಂತಿಲ್ಲ.

ಹುಲಿಕಲ್, ಆಗುಂಬೆಯ ಕಡೆಯ ಮಳೆ ಗೊತ್ತಿರುವವರಿಗೆ ಇದರ ಇನ್ನೊಂದು ತೊಂದರೆಯೂ ಗೊತ್ತು. ಜೂನ್ ಹುಟ್ಟಿ ಗೋಡೆ ತೇವವಾದರೆ ಆರ್.ಸಿ.ಸಿ.ಬಿ. ಮೇಲಿಂದ ಮೇಲೆ ಬೀಳುತ್ತದೆ. ಬೇಸತ್ತು ಅದನ್ನು ಬಿಟ್ಟು ತಂತಿ ನೇರ ಜೋಡಿಸಿಕೊಂಡ ಮನೆಗಳಿವೆ. ನಾಯಿ ಬೊಗಳುತ್ತದೆಂದು ನಾಯಿಯನ್ನೇ ಓಡಿಸಿದ ಹಾಗಾಯಿತು. ಅದು ಬೀಳುತ್ತಿದೆ ಎಂದರೆ ಸೋರಿಕೆ ಇದೆ ಎಂದೇ ಅರ್ಥ. ಎಲ್ಲ ಎಂ.ಸಿ.ಬಿ.ಗಳನ್ನೂ ಕೆಳಗೆ ಮಾಡಿ, ಆರ್.ಸಿ.ಸಿ.ಬಿ. ಎತ್ತಿ, ಆಮೇಲೆ ಒಂದೊಂದಾಗಿ ಎಂ.ಸಿ.ಬಿ. ಎತ್ತುತ್ತ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಸಾಲಿನಲ್ಲಿ ದೋಷ. ಹೆಚ್ಚಾಗಿ ಬಚ್ಚಲ ಗೀಸರೋ, ಹೊರಗಿನ ದೀಪವೋ, ಪಂಪೋ ಇರುತ್ತದೆ. ಹೀಗೆ ಮಾಡಿಯೂ ತಿಳಿಯದಿದ್ದರೆ ಎಲೆಕ್ಟ್ರಿಷಿಯನ್ನರೇ ನೋಡಬೇಕು.

ಬೋರ್ಡಿನಲ್ಲಿ ಹಸಿರು ಕಿಟಕಿಯಂಥದಿರುವ, ಎತ್ತಿ ಇಳಿಸುವ ಹಿಡಿ ಇಲ್ಲದ ತುಂಡೊಂದು ಕಂಡರೆ ಅದು ಸಿಡಿಲಿನ ಹೊಡೆತ ತಾಳಿಕೊಳ್ಳುವ ಸರ್ಜ್ ರಕ್ಷಕ. ಕಿಟಕಿ ಕೆಂಪಾದರೆ ಅದರ ಆಯುಷ್ಯ ಮುಗಿಯಿತೆಂದು ಲೆಕ್ಕ. ಇನ್ನು, ಗೋಡೆಯ ಮೇಲಿನ ಹಳೆಯ ಪೆಟ್ಟಿಗೆಯಲ್ಲಿ 'ಇ' ಮತ್ತು 'ಎಫ್' ಎಂಬ ಎರಡು ತಿರುಪುಗಳಿದ್ದರೆ ಅದು ಹಿಂದಿನ ಕಾಲದ ಇ.ಎಲ್.ಸಿ.ಬಿ. ಅದನ್ನು ಸುಮ್ಮನೆ ಕೀಳದೆ, ಅದರ ಜಾಗದಲ್ಲಿ ಆರ್.ಸಿ.ಸಿ.ಬಿ. ಹಾಕಿಸಬೇಕು.

ಹಸಿರು ತಂತಿಯ ಕೊನೆ

ಮನೆಯ ಹಿಂದೆ, ಬಾಳೆಯ ಬುಡದ ಹತ್ತಿರ ನೆಲದಿಂದ ಗೇಣುದ್ದ ಕಬ್ಬಿಣದ ಪೈಪೊಂದು ಎದ್ದು ನಿಂತಿರುವುದನ್ನು ಅನೇಕರು ನೋಡಿರಬಹುದು. ಅದಕ್ಕೊಂದು ತಂತಿ ಬಿಗಿದಿರುತ್ತದೆ. ಎಮ್ಮೆ ಕಟ್ಟಲೂ ಬಟ್ಟೆ ಒಣಗಿಸುವ ತಂತಿ ಬಿಗಿಯಲೂ ಇದು ಅನುಕೂಲವೆಂದು ಕಾಣುತ್ತದೆ. ಇದು ಮನೆಯ ಅರ್ತಿಂಗ್. ಸುಮಾರು ಎಂಟು ಅಡಿಯ ಪೈಪನ್ನು ಇದ್ದಿಲು, ಉಪ್ಪು ತುಂಬಿದ ಗುಂಡಿಯಲ್ಲಿ ಹೂತಿರುತ್ತಾರೆ. ಮೋಟಾರಿನದೋ ಮಿಕ್ಸಿಯದೋ ಲೋಹದ ಮೈಗೆ ಕರೆಂಟು ತಗುಲಿದರೆ ಅದು ಮನುಷ್ಯನನ್ನು ಬಿಟ್ಟು ಈ ದಾರಿ ಹಿಡಿಯಲಿ ಎಂಬುದು ಉದ್ದೇಶ. ಇದಕ್ಕೆ ದನವನ್ನೂ ಬಟ್ಟೆ ತಂತಿಯನ್ನೂ ಎಂದೂ ಕಟ್ಟಬಾರದು. ಕಂಬದ ಸ್ಟೇ ತಂತಿಗೂ ಇದೇ ಮಾತು ಅನ್ವಯಿಸುತ್ತದೆ.

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಒಂದು ಕಡ್ಡಿ ಉದ್ದವೂ ದಪ್ಪವೂ ಆಗಿರುವುದು ಈ ಕಾರಣಕ್ಕೇ. ಅದು ಎಲ್ಲಕ್ಕಿಂತ ಮೊದಲು ಕೂಡಿ, ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ಎರಡು ತೂತಿನ ಸಾಕೆಟ್ಟಿಗೆ ಹಾಕಲೆಂದು ಆ ಕಡ್ಡಿ ಮುರಿಯುವವರು ತಮ್ಮ ಕಾವಲನ್ನು ತಾವೇ ಮುರಿದಂತೆ.

ಜಂಬಿಟ್ಟಿಗೆ ನೆಲ ಬೇಸಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಒಣನೆಲ ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಮಾರ್ಚಿನಿಂದ ಮೇ ತನಕ ವಾರಕ್ಕೊಂದೆರಡು ಸಲ ಈ ಗುಂಡಿಗೆ ಒಂದು ಕೊಡ ನೀರು ಹೊಯ್ಯುವುದು ಒಳ್ಳೆಯದು. ತಂತಿಯ ಬಿಗಿತ ತುಕ್ಕು ಹಿಡಿದು ಸಡಿಲವಾಗಿದ್ದರೆ ಎಲೆಕ್ಟ್ರಿಷಿಯನ್ನರಿಂದ ಸರಿಮಾಡಿಸಬೇಕು.

ಗೋಡೆಯ ಸಣ್ಣ ಡಬ್ಬಿಗಳು

ಬಾಗಿಲ ಮೇಲೆ ಸದಾ ಬೆಚ್ಚಗಿರುವ ಸಣ್ಣ ಕಪ್ಪು ಡಬ್ಬಿ ಇದ್ದರೆ ಅದು ಕರೆಗಂಟೆಯ ಟ್ರಾನ್ಸ್‌ಫಾರ್ಮರ್ ಇರಬಹುದು. ಗಂಟೆ ಕೆಟ್ಟು ಹೋಗಿದ್ದರೂ ಅದು ಕರೆಂಟು ತಿನ್ನುತ್ತಲೇ ಇರುತ್ತದೆ.

ಅಡಿಕೆ ದಬ್ಬೆಗೋ ಕಬ್ಬಿಣದ ಕಂಬಕ್ಕೋ ಕಟ್ಟಿದ ಹಳೆಯ ಆಂಟೆನಾದ ಬುಡದಲ್ಲಿರುವ ಪುಟ್ಟ ಡಬ್ಬಿ ಬೂಸ್ಟರು. ಅದಕ್ಕೆ ಕರೆಂಟು ಕಳಿಸುವ ಇನ್ನೊಂದು ಡಬ್ಬಿ ಕೆಳಗೆ ಟಿ.ವಿ. ಇದ್ದ ಜಾಗದಲ್ಲಿರುತ್ತದೆ. ಟಿ.ವಿ. ಹೋಗಿ ಹತ್ತು ವರ್ಷವಾದರೂ ಆ ಡಬ್ಬಿ ಸಾಕೆಟ್ಟಿನಲ್ಲೇ ಉಳಿದಿರುವುದುಂಟು. ಮೊದಲು ಅದನ್ನು ಸಾಕೆಟ್ಟಿನಿಂದ ಬಿಡಿಸಿ, ಆಮೇಲೆ ಆಂಟೆನಾ ಇಳಿಸಿ. ಇಳಿಸುವಾಗ ಸುತ್ತ ಲೈನು ಎಲ್ಲಿದೆ ಎಂದು ನೋಡಿಕೊಳ್ಳಿ.

ಟೆಲಿಫೋನ್ ತಂತಿ ಮನೆಗೆ ಬರುವಲ್ಲಿ, ಅರ್ತಿಂಗ್ ತಂತಿ ಕೂಡಿಸಿದ ಒಂದು ಡಬ್ಬಿ ಇರುತ್ತದೆ. ಅದು ಸಿಡಿಲಿನ ರಕ್ಷಣೆಗೆ. ಫೋನ್ ತೆಗೆಸಿದ ಮೇಲೂ ಹೊರಗಿನ ತಂತಿ ಕಂಬದಿಂದ ಮನೆಗೆ ನೇತಾಡುತ್ತಿದ್ದರೆ ಈ ಡಬ್ಬಿಯನ್ನು ಮಾತ್ರ ಕಿತ್ತು ತಂತಿಯನ್ನು ಬಿಡುವುದು ಸರಿಯಲ್ಲ. ತೆಗೆಸುವುದಾದರೆ ಎರಡನ್ನೂ ತೆಗೆಸಬೇಕು. ಇತ್ತೀಚೆಗೆ ಬರುವ ತೆಳು ಕಪ್ಪು ಫೈಬರ್ ತಂತಿ ಬೇರೆ. ಅದರೊಳಗೆ ಹರಿಯುವುದು ಬೆಳಕು. ತುಂಡಾದ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಇನ್ವರ್ಟರು. ಮೇನ್ ಆಫ್ ಮಾಡಿದರೆ ಮನೆಯಲ್ಲಿ ಕರೆಂಟು ಇಲ್ಲವೆಂದು ಹಿಂದಿನಿಂದ ನಂಬಿಕೊಂಡು ಬಂದಿದ್ದೇವೆ. ಇನ್ವರ್ಟರು ಇರುವ ಮನೆಯಲ್ಲಿ ಆ ನಂಬಿಕೆ ಸುಳ್ಳು. ಮೇನ್ ಆಫ್ ಆದೊಡನೆ ಅದು ಬ್ಯಾಟರಿಯಿಂದ ಅದೇ 230 ವೋಲ್ಟನ್ನು ಕೆಲವು ತಂತಿಗಳಿಗೆ ಕೊಡಲು ಶುರುಮಾಡುತ್ತದೆ. ರಿಪೇರಿಗೆ ಮೊದಲು ಮೇನನ್ನೂ ಇನ್ವರ್ಟರನ್ನೂ ಎರಡನ್ನೂ ಆಫ್ ಮಾಡಬೇಕು. ಚಾವಣಿಯ ಮೇಲೆ ಸೋಲಾರ್ ಹಲಗೆಗಳಿದ್ದರೆ ಅವು ಬಿಸಿಲಿರುವ ತನಕ ಕರೆಂಟು ಹುಟ್ಟಿಸುತ್ತಲೇ ಇರುತ್ತವೆ; ಅದರ ಸ್ವಿಚ್ಚೂ ಬೇರೆಯೇ.

ಪಂಪ್‌ಮನೆಯಲ್ಲಿ

ಹಸಿರು, ಕೆಂಪು ಗುಂಡಿಗಳ ಕಬ್ಬಿಣದ ಪೆಟ್ಟಿಗೆ ಸ್ಟಾರ್ಟರೆಂದು ಎಲ್ಲರಿಗೂ ಗೊತ್ತು. ಅದರ ಪಕ್ಕದ ಸಣ್ಣ ಡಬ್ಬಿ ಯಾವುದು ಎಂದರೆ ಹಲವರಿಗೆ ತಿಳಿಯದು. ಎರಡು ಮೂರು ಪುಟ್ಟ ದೀಪವಿದ್ದು ಮೂರು ಫೇಸಿನ ತಂತಿಯೂ ಅದಕ್ಕೆ ಬಂದಿದ್ದರೆ ಅದು ಪ್ರಿವೆಂಟರು. ಮೂರರಲ್ಲಿ ಒಂದು ಫೇಸು ಹೋದಾಗ ಮೋಟಾರನ್ನು ನಿಲ್ಲಿಸುವುದು ಅದರ ಕೆಲಸ. ಅದನ್ನು ತಪ್ಪಿಸಿ ಓಡಿಸಿದರೆ ಮೋಟಾರು ಎರಡೇ ಫೇಸಿನಲ್ಲಿ ಬಿಸಿಯೇರಿ ಸುಡುತ್ತದೆ.

ಡಬ್ಬಿಯಿಂದ ತಂತಿಗಳು ಹೊರಟು ಎಲ್ಲಿಗೂ ಹೋಗದೆ ಸ್ಟಾರ್ಟರಿನ ತುದಿಗೇ ಸೇರಿದ್ದು, ಮೇಲೆ 'ಕೆ.ವಿ.ಎ.ಆರ್.' ಎಂದಿದ್ದರೆ ಅದು ಕೆಪ್ಯಾಸಿಟರು. ಜನ ಕಂಡೆನ್ಸರ್ ಎನ್ನುತ್ತಾರೆ. ಲೈನಿನ ಮೇಲಿನ ಭಾರ ತಗ್ಗಿಸಿ ವೋಲ್ಟೇಜು ಸುಧಾರಿಸಲು ಅದನ್ನು ಹಾಕಿರುತ್ತಾರೆ. ಕರೆಂಟು ಹೋದ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ ಎಂಬುದೇ ಅದರ ವಿಶೇಷ. ಮೇನ್ ತೆಗೆದ ಕೂಡಲೇ ಅದರ ತಿರುಪು ಮುಟ್ಟಿದರೆ ಬಲವಾದ ಪೆಟ್ಟು ಬೀಳುತ್ತದೆ. ಮೈ ಉಬ್ಬಿದ, ಎಣ್ಣೆ ಸೋರುವ ಕೆಪ್ಯಾಸಿಟರು ಕೆಟ್ಟಿದೆಯೆಂದು ತಿಳಿದು ಬದಲಾಯಿಸಬೇಕು. ಒಂದೇ ಫೇಸಿನಲ್ಲಿ ಮೂರು ಫೇಸಿನ ಮೋಟಾರು ಓಡಿಸಲು ಸ್ವಂತ ಬುದ್ಧಿಯಿಂದ ಕಟ್ಟಿದ ಕಂಡೆನ್ಸರ್ ಗೊಂಚಲು ಕಂಡರೆ ಅದನ್ನು ತೆಗೆಸುವುದೇ ಒಳ್ಳೆಯದು.

ಇನ್ನೊಂದು ಡಬ್ಬಿ ಆಟೋ ಸ್ವಿಚ್ಚು. ಕರೆಂಟು ಬಂದ ಕೂಡಲೇ ಮೋಟಾರನ್ನು ತಾನೇ ಚಾಲೂ ಮಾಡುತ್ತದೆ. ಅದರಲ್ಲಿ ಪುಟ್ಟ ಆಂಟೆನಾ, ಸಿಮ್ ಕಾರ್ಡ್ ಇದ್ದರೆ ಅದು ಮೊಬೈಲ್ ಸ್ಟಾರ್ಟರು. ಬೆಂಗಳೂರಿನಲ್ಲಿ ಕುಳಿತ ಮಗ ಫೋನು ಮಾಡಿದರೂ ಇಲ್ಲಿ ಪಂಪು ತಿರುಗುತ್ತದೆ. ಬಹಳ ಅನುಕೂಲದ ಸಾಧನವೇ. ಆದರೆ ಅಪ್ಪ ಹೊಂಡಕ್ಕಿಳಿದು ಫುಟ್‌ವಾಲ್ವಿನ ಕಸ ತೆಗೆಯುತ್ತಿರುವುದು ಮಗನಿಗೆ ಗೊತ್ತಿರುವುದಿಲ್ಲ. ಇಂಥ ಸಾಧನವಿರುವಲ್ಲಿ ಕೆಂಪು ಗುಂಡಿ ಒತ್ತಿದರೆ ಸಾಲದು. ಮೇನ್ ಸ್ವಿಚ್ಚು ಇಳಿಸಿ, ಫ್ಯೂಸು ಕಿತ್ತು ಕಿಸೆಯಲ್ಲಿಟ್ಟುಕೊಂಡೇ ನೀರಿಗಿಳಿಯಬೇಕು.

ಬೇಲಿಯ ಯಂತ್ರ, ಹಳ್ಳದ ಕರೆಂಟು

ಮಂಗ, ಹಂದಿ, ಕಾಟಿಗಳ ಕಾಟಕ್ಕೆ ಸೋಲಾರ್ ಬೇಲಿ ಹಾಕಿದವರಿದ್ದಾರೆ. ಟಕ್ ಟಕ್ ಎಂದು ಸುಮಾರು ಸೆಕೆಂಡಿಗೊಮ್ಮೆ ಸದ್ದು ಮಾಡುವ, 12 ವೋಲ್ಟಿನ ಬ್ಯಾಟರಿಗೆ ಕೂಡಿಸಿದ ಡಬ್ಬಿ ಅದರ ಎನರ್ಜೈಸರು. ಬೇಲಿಗೆ ಅದು ಕೊಡುವುದು ಹಲವು ಸಾವಿರ ವೋಲ್ಟು. ಆದರೂ ಪ್ರಾಣಿ ಸಾಯುವುದಿಲ್ಲ. ಏಕೆಂದರೆ ಪ್ರತಿ ಪೆಟ್ಟೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನದು. ನಡುವೆ ಬಿಡುವು ಇರುವುದರಿಂದ ಮುಟ್ಟಿದ ಜೀವ ಹಿಂದೆ ಸರಿಯುತ್ತದೆ. ಮನೆಯ 230 ವೋಲ್ಟಿಗೆ ಈ ಬಿಡುವಿಲ್ಲ, ಹಿಡಿದವರನ್ನು ಬಿಡುವುದಿಲ್ಲ. ಮನೆಯ ಕರೆಂಟನ್ನು ನೇರ ಬೇಲಿಗೆ ಕೊಡುವುದು ಶಿಕ್ಷಾರ್ಹ ಅಪರಾಧ. ಹಂದಿಗೆಂದು ಕೊಟ್ಟದ್ದು ರಾತ್ರಿ ನೀರು ತಿರುಗಿಸಲು ಹೋದ ನೆರೆಯವರನ್ನೋ ಮನೆಯವರನ್ನೋ ಕೊಲ್ಲುತ್ತದೆ. ಹಿಸ್ಸೆಗೆ ಬಂದ ತೋಟದಲ್ಲಿ ಯಾರು ಹಾಕಿದರೆಂದು ತಿಳಿಯದ ಬೇಲಿ ತಂತಿಯಿದ್ದರೆ, ಅದರ ಬುಡ ಎಲ್ಲಿಗೆ ಹೋಗಿದೆ ಎಂದು ದೂರದಿಂದಲೇ ನೋಡಿ. ಎನರ್ಜೈಸರಿಗೆ ಹೋಗದೆ ಕಂಬಕ್ಕೋ ಪಂಪ್‌ಮನೆಗೋ ಹೋಗಿದ್ದರೆ ಮುಟ್ಟದೆ ಮೆಸ್ಕಾಂಗೆ ತಿಳಿಸಿ. ಎನರ್ಜೈಸರಿನ ನೆಲದ ಸರಳು ಮನೆಯ ಅರ್ತಿಂಗ್‌ನಿಂದ ಕನಿಷ್ಠ 10 ಮೀಟರು ದೂರವಿರಬೇಕು.

ಹಳ್ಳದ ನೀರಿನಿಂದ ಸ್ವಂತ ಕರೆಂಟು ಮಾಡಿಕೊಂಡ ಮನೆಗಳೂ ಘಟ್ಟದ ಅಂಚಿನಲ್ಲಿವೆ. ಅಲ್ಲಿ ನೀರಿನ ಕಾಯಿಲ್‌ಗಳು, ಅಂದರೆ ಹೀಟರಿನ ಸುರುಳಿಗಳು, ಒಂದು ಡಬ್ಬಿಗೆ ಕೂಡಿಸಿ ಸದಾ ಬಿಸಿಯಾಗುತ್ತಿರುತ್ತವೆ. ಸುಮ್ಮನೆ ಕರೆಂಟು ಪೋಲಾಗುತ್ತಿದೆಯೆಂದು ಅದನ್ನು ಬಿಡಿಸಬಾರದು. ಹಳ್ಳದ ನೀರು ಒಂದೇ ಸಮನೆ ಟರ್ಬೈನು ತಿರುಗಿಸುತ್ತದೆ. ದೀಪ ಆರಿಸಿದಾಗ ಉಳಿದ ಕರೆಂಟಿಗೆ ಹೋಗಲು ಜಾಗ ಬೇಕು. ಆ ಜಾಗವೇ ಈ ಹೀಟರು. ಬಿಡಿಸಿದರೆ ಟರ್ಬೈನಿನ ವೇಗವೂ ವೋಲ್ಟೇಜೂ ಏರಿ ಮನೆಯ ಬಲ್ಬುಗಳೆಲ್ಲ ಸುಡುತ್ತವೆ.

ಮರೆತುಬಿಡುವ ಒಂದು ವಸ್ತು

ವಿದ್ಯುತ್ ಸಾಧನವಲ್ಲದಿದ್ದರೂ ಒಂದು ವಸ್ತುವಿನ ಗುರುತು ಇಲ್ಲಿ ಹೇಳಲೇಬೇಕು. ಕೊನೆ ಕೊಯ್ಯುವ, ಔಷಧಿ ಹೊಡೆಯುವ ಹೊಸ ದೋಟಿ. ಅಲ್ಯುಮಿನಿಯಮ್ ದೋಟಿಯಲ್ಲಿ ಕರೆಂಟು ಹರಿಯುತ್ತದೆಂದು ಎಲ್ಲರಿಗೂ ಗೊತ್ತು. ಕಪ್ಪಗೆ ಹಗುರವಾಗಿರುವ ಕಾರ್ಬನ್ ಫೈಬರ್ ದೋಟಿಯನ್ನು ಪ್ಲಾಸ್ಟಿಕ್ಕೆಂದು ತಿಳಿದವರಿದ್ದಾರೆ. ಅದರಲ್ಲಿಯೂ ಕರೆಂಟು ಹರಿಯುತ್ತದೆ. ತೋಟದ ಮೇಲೆ ಲೈನು ಹಾದಿದ್ದರೆ ಆ ಸಾಲಿನ ಕೆಳಗೆ ಯಾವ ದೋಟಿಯನ್ನೂ ಎತ್ತಬೇಡಿ.

ಗುರುತೇ ಸಿಗದಿದ್ದರೆ

ಇಷ್ಟೆಲ್ಲ ನೋಡಿದ ಮೇಲೂ ಒಂದೆರಡು ಡಬ್ಬಿ ಉಳಿಯಬಹುದು. ಅವುಗಳಲ್ಲಿ ಕರೆಂಟು ಇದೆ ಎಂದೇ ಭಾವಿಸಬೇಕು. ಟೆಸ್ಟರಿನ ದೀಪ ಹತ್ತದಿದ್ದ ಮಾತ್ರಕ್ಕೆ ಕರೆಂಟಿಲ್ಲವೆಂದು ಹೇಳಲಾಗದು. ಟೆಸ್ಟರು ಕೆಟ್ಟಿರಬಹುದು, ನಿಂತ ನೆಲ ಒಣಗಿರಬಹುದು. ಮೊದಲು ಕರೆಂಟಿದೆ ಎಂದು ಗೊತ್ತಿರುವ ಸಾಕೆಟ್ಟಿನಲ್ಲಿ ಟೆಸ್ಟರನ್ನು ಪರೀಕ್ಷಿಸಿಯೇ ಬೇರೆಡೆ ನೋಡಬೇಕು. ಬಿಚ್ಚುವ ಕೆಲಸವನ್ನು ಲೈಸೆನ್ಸಿರುವ ಎಲೆಕ್ಟ್ರಿಷಿಯನ್ನರಿಗೆ ಬಿಡಿ. ಯಾರಿಗಾದರೂ ಶಾಕು ಹೊಡೆದು ಹಿಡಿದುಕೊಂಡಿದ್ದರೆ ಕೈಯಿಂದ ಎಳೆಯಬೇಡಿ. ಮೇನ್ ಆಫ್ ಮಾಡಿ. ಆಗದಿದ್ದರೆ ಒಣಗಿದ ಮರದ ಮಣೆಯ ಮೇಲೆ ನಿಂತು ಒಣಗಿದ ಮರದ ಕೋಲಿನಿಂದ ಬಿಡಿಸಿ, 108ಕ್ಕೆ ಫೋನು ಮಾಡಿ.

ಮಳೆಗಾಲ ಹಿಡಿಯುವ ಮುನ್ನ, ಅಡಿಕೆ ಕೆಲಸ ಮುಗಿದು ಕೈ ಬಿಡುವಾಗುವ ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳು ರಜೆಗೆ ಊರಿಗೆ ಬಂದಿರುತ್ತಾರೆ. ಒಂದು ದಿನ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಮನೆಯ ಹಿರಿಯರನ್ನು ಜೊತೆಗಿಟ್ಟುಕೊಂಡು, ಮೀಟರಿನಿಂದ ಪಂಪ್‌ಮನೆಯ ತನಕ ನಡೆಯಿರಿ. ಪ್ರತಿ ಡಬ್ಬಿಯ ಮೇಲೂ ದಪ್ಪ ಅಕ್ಷರದಲ್ಲಿ ಕನ್ನಡದ ಚೀಟಿ ಅಂಟಿಸಿ: ಇದು ಏನು, ಎಲ್ಲಿಗೆ ಹೋಗುತ್ತದೆ, ಹಾಕಿದ ವರ್ಷ ಯಾವುದು. ಬೇಡವಾದುದನ್ನು ಅವರಿಂದಲೇ ತೆಗೆಸಿ. ಆರ್.ಸಿ.ಸಿ.ಬಿ. ಇಲ್ಲದ ಮನೆಗೆ ಅದನ್ನು ಹಾಕಿಸಿ. ಇದೆಲ್ಲ ಅರ್ಧ ದಿನದ ಕೆಲಸ. ಹಿರಿಯರಿಗೆ ನೆನಪಿರುವಾಗಲೇ ಇದನ್ನು ಬರೆದಿಟ್ಟರೆ ಮುಂದೆ ಮನೆ ಯಾರ ಕೈಗೆ ಬಂದರೂ ಕತ್ತಲಲ್ಲಿ ತಡಕಾಡುವ ಪ್ರಸಂಗ ಬರುವುದಿಲ್ಲ.